ಪಕ್ಕದ ಕೋಣೆಯ ಹಾಡು

ನಮ್ಮ ಮನೆಯಲ್ಲಿ ಸಂಗೀತಕ್ಕೂ ಟೀವಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಚನ್ನರಾಯಪಟ್ಟಣಕ್ಕೆ ಕೇಬಲ್ ಬಂದ ಹೊಸತು. ನಡುಮನೆಯಲ್ಲಿ ಅಕ್ಕ ಮೇಷ್ಟ್ರ ಎದುರು ಚಕ್ಕಂಬಕ್ಕಳ ಹಾಕಿ ಕೂತು ಸರಳೆ ವರಸೆ ಹೇಳುತ್ತಿದ್ದಳು. ಒಳಕೋಣೆಯಲ್ಲಿ ನಾನು ಸದ್ದು ತಗ್ಗಿಸಿಕೊಂಡು ಟಾಮ್ ಅಂಡ್ ಜೆರ್ರಿ ನೋಡುತ್ತಿದ್ದೆ. ಅವತ್ತು ಟಾಮ್ ಕರಿಕೋಟು ತೊಟ್ಟು, ದೊಡ್ಡ ಸಭೆಯ ಮುಂದೆ ಗಂಭೀರವಾಗಿ ಪಿಯಾನೋ ಮುಂದೆ ಕೂತಿತ್ತು. ಪಿಯಾನೋದ ಒಳಗೆ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರ್ರಿಗೆ ನಿದ್ದೆ ಕೆಟ್ಟಿತು. ಅಲ್ಲಿಂದ ಮುಂದೆ ಬೆರಳಿಗೂ ಬಾಲಕ್ಕೂ ಯುದ್ಧ. ಸಂಗೀತ ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ.

ನಡುಮನೆಯಲ್ಲಿ ಅಕ್ಕನ ಸ್ವರ ನಿಂತಿತು. ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದ್ದರು. ನನಗೆ ಬೈಗುಳ ಬೀಳುತ್ತದೆ ಅಂದುಕೊಂಡೆ.

‘ಯಾರೋ ಅದು, ನುಡಿಸ್ತಿರೋದು?’

‘ಬೆಕ್ಕು, ಸಾರ್.’

ಮೇಷ್ಟ್ರು ಎದ್ದು ಬಂದು ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದರು. ಬೆಕ್ಕು ಸುಸ್ತಾಗಿ ಕುಸಿದು, ಇಲಿ ಚಪ್ಪಾಳೆ ಗಿಟ್ಟಿಸಿಕೊಂಡಾಗ ‘ಎಲ್ಲೋ ಕೇಳ್ದಂಗದಲ್ಲೋ’ ಅಂದು ವಾಪಸು ಹೋದರು. ಅವತ್ತು ಅಕ್ಕನ ಪಾಠ ಐದು ನಿಮಿಷ ಮೊದಲೇ ಮುಗಿಯಿತು.

ಮೇಷ್ಟ್ರು ಅರಕಲಗೂಡಿನ ಕಡೆಯವರು. ಮಾತು ಎಲ್ಲಿಂದ ಶುರುವಾದರೂ ಅವರು ಮೂರನೆಯ ವಾಕ್ಯಕ್ಕೆ ರುದ್ರಪಟ್ಟಣಕ್ಕೆ ಬಂದು ನಿಲ್ಲುತ್ತಿದ್ದರು. ಕಾವೇರಿ ದಂಡೆಯ ಆ ಪುಟ್ಟ ಊರು ಆರ್. ಕೆ. ಶ್ರೀಕಂಠನ್ ಅವರನ್ನು ಕೊಟ್ಟಿತು, ರುದ್ರಪಟ್ಟಣಂ ಸಹೋದರರನ್ನು ಕೊಟ್ಟಿತು, ಪಿಟೀಲಿನವರನ್ನು ಸಾಲುಸಾಲಾಗಿ ಕೊಟ್ಟಿತು. ಈಗ ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ಧ್ಯಾನಮಂದಿರವಿದೆ. ಇಂಥ ನಾಡಿನಿಂದ ಬಂದವರಿಗೆ ‘ಎಲ್ಲೋ ಕೇಳ್ದಂಗದೆ’ ಅನ್ನುವುದು ಸುಮ್ಮನೆ ಬಾಯಿಗೆ ಬರುವ ಮಾತಲ್ಲ. ಆ ‘ಎಲ್ಲೋ’ ಎಲ್ಲಿ ಅಂತ ಗೊತ್ತಾಗಲು ನನಗೆ ಹತ್ತಿಪ್ಪತ್ತು ವರ್ಷ ಹಿಡಿಯಿತು.

ಬೆಕ್ಕು ನುಡಿಸಿದ್ದು ಫ್ರಾಂಜ್ ಲಿಸ್ಟ್‌ನ ಹಂಗೇರಿಯನ್ ರಾಪ್ಸೋಡಿ, ಎರಡನೆಯದು. ಆ ಕಾರ್ಟೂನು 1947ರಲ್ಲಿ ತೆರೆಗೆ ಬಂತು, ಆಸ್ಕರ್ ಕೂಡ ಗೆದ್ದಿತು. ಅದಕ್ಕೂ ಸರಿಯಾಗಿ ನೂರು ವರ್ಷ ಮೊದಲು, 1847ರಲ್ಲಿ, ಲಿಸ್ಟ್ ಅದನ್ನು ಬರೆದಿದ್ದ. ಹೆಸರು ಹೇಳಿದಾಗ ಮೇಷ್ಟ್ರು ‘ಲಿಸ್ಟೇ? ಶೆಟ್ಟರ ಅಂಗಡಿಗೆ ಬರ್ಕೊಂಡು ಹೋಗ್ತೀವಲ್ಲ ಅದಾ?’ ಅಂತ ನಕ್ಕರು. ರಾಪ್ಸೋಡಿ ಅಂದರೆ ಗ್ರೀಕಿನಲ್ಲಿ ಹೊಲಿದ ಹಾಡು. ಚೂರು ಚೂರು ಬಟ್ಟೆ ಜೋಡಿಸಿದ ನಮ್ಮ ಕೌದಿಯ ಹಾಗೆ. ಕೌದಿ ಅಂದ ಮೇಲೆ ತುಂಡುಗಳು ಯಾರ ಮನೆಯವು ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಲಿಸ್ಟ್‌ನ ಕತೆಯ ಗಂಟು ಇರುವುದೂ ಅಲ್ಲೇ.

ಲಿಸ್ಟ್ 1811ರಲ್ಲಿ ಹುಟ್ಟಿದ ಊರು ಡೊಬೊರ್ಯಾನ್. ಅದು ಆಗ ಹಂಗೇರಿ, ಈಗ ಆಸ್ಟ್ರಿಯಾದ ರೈಡಿಂಗ್. ಅವನ ಅಪ್ಪ ಎಸ್ಟರ್‌ಹಾಜಿ ದೊರೆಗಳ ಕುರಿಹಟ್ಟಿಗಳ ಲೆಕ್ಕ ನೋಡಿಕೊಳ್ಳುತ್ತಿದ್ದ ನೌಕರ, ನಮ್ಮ ಲೆಕ್ಕದಲ್ಲಿ ಶಾನುಭೋಗ. ಮನೆಮಾತು ಜರ್ಮನ್, ಬೆಳೆದ ಮೇಲೆ ಪ್ಯಾರಿಸ್ಸಿನ ಫ್ರೆಂಚ್. ಹಂಗೇರಿಯನ್ ಭಾಷೆ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಯೂರೋಪಿನಲ್ಲಿ ಅವನ ಬೆರಳಿಗೆ ಸರಿಸಾಟಿಯೇ ಇಲ್ಲವೆನ್ನುವ ಕಾಲದಲ್ಲಿ, 1839ರ ಕೊನೆಗೆ, ಅವನು ಹುಟ್ಟುನಾಡಿಗೆ ಮರಳಿದ. 1840ರ ಜನವರಿ 4ರಂದು ಪೆಸ್ಟ್ ನಗರದ ನ್ಯಾಷನಲ್ ಥಿಯೇಟರಿನಲ್ಲಿ ಅವನ ಕೈಗೆ ರತ್ನ ಕೆತ್ತಿದ ಕತ್ತಿ ಕೊಟ್ಟು ಸನ್ಮಾನ ಮಾಡಿದರು. ಹಂಗೇರಿಯ ವೇಷ ತೊಟ್ಟು ಕತ್ತಿ ಹಿಡಿದು ನಿಂತ ನಾಡಿನ ಮಗ ವಂದನೆ ಹೇಳಿದ್ದು ಫ್ರೆಂಚಿನಲ್ಲಿ. ಅಮೆರಿಕದಿಂದ ಬಂದ ನೆಂಟರ ಹುಡುಗ ರಾಜ್ಯೋತ್ಸವದ ವೇದಿಕೆಯಲ್ಲಿ ಇಂಗ್ಲಿಷಿನಲ್ಲಿ ಕನ್ನಡಾಭಿಮಾನದ ಭಾಷಣ ಮಾಡಿದಂತೆ ಅಂದುಕೊಳ್ಳಿ. ಸುಳ್ಳಿರಲಿಲ್ಲ, ಕಣ್ಣೀರೂ ನಿಜವೇ. ಭಾಷೆ ಮಾತ್ರ ಇರಲಿಲ್ಲ.

ಭಾಷೆ ಇಲ್ಲದವನು ಊರನ್ನು ಕಿವಿಯಿಂದ ಹುಡುಕುತ್ತಾನೆ. ಲಿಸ್ಟ್‌ಗೆ ಸಿಕ್ಕಿದ್ದು ಜಿಪ್ಸಿಗಳು, ಅಂದರೆ ರೋಮಾ ಜನರ ವಾದ್ಯಮೇಳ. ಹುಡುಗನಾಗಿದ್ದಾಗಲೇ ಅವನು ರೋಮಾ ಪಿಟೀಲುಗಾರ ಯಾನೋಶ್ ಬಿಹಾರಿಯನ್ನು ಕೇಳಿದ್ದ, ಮರೆತಿರಲಿಲ್ಲ. ಆ ಮೇಳಗಳು ನುಡಿಸುತ್ತಿದ್ದುದರಲ್ಲಿ ಮುಖ್ಯವಾದದ್ದು ವರ್ಬುಂಕೋಶ್ ಎಂಬ ಕುಣಿತ. ಅದರ ಹುಟ್ಟು ಸೈನ್ಯದ ಭರ್ತಿಯಲ್ಲಿ. ಸಿಪಾಯಿಗಳು ಹಳ್ಳಿಗೆ ಬಂದು, ರೋಮಾ ಮೇಳ ನುಡಿಸುತ್ತಿದ್ದಂತೆ ಠೀವಿಯಿಂದ ಕುಣಿಯುವುದು. ಹೆಂಡದ ಅಮಲಿನಲ್ಲಿ ಹಳ್ಳಿಯ ಪಡ್ಡೆಹುಡುಗರು ತಾವೂ ಸೇರಿಕೊಳ್ಳುವುದು. ಬೆಳಗಾದರೆ ಅವರ ಹೆಸರು ಪಟ್ಟಿಯಲ್ಲಿ. ಈ ಕುಣಿತಕ್ಕೆ ಎರಡು ಭಾಗ. ಮೊದಲು ಲಶ್ಶಾನ್, ಮೈ ಭಾರ ಬಿಟ್ಟು ಎಳೆದೆಳೆದು ನಡೆಯುವ ನಿಧಾನದ ಭಾಗ. ಆಮೇಲೆ ಫ್ರಿಶ್ಕ, ಕೋಲಾಟದ ಕೊನೆಯ ಸುತ್ತಿನ ಹಾಗೆ ಓಟಕ್ಕೆ ಬಿದ್ದು ಕೋಲು ಯಾವುದು ಕೈ ಯಾವುದು ತಿಳಿಯದ ಭಾಗ. ಎರಡನೆಯ ರಾಪ್ಸೋಡಿಯ ಅಚ್ಚೂ ಇದೇ.

ಆ ಮೇಳದಲ್ಲಿ ಚಿಂಬಲೋಮ್ ಅಂತ ಒಂದು ವಾದ್ಯವಿದೆ. ನಮ್ಮ ಸಂತೂರಿನ ದೊಡ್ಡಣ್ಣ. ತಂತಿಗಳ ಮೇಲೆ ಎರಡು ಕಡ್ಡಿಗಳಿಂದ ಬಡಿದು ನುಡಿಸುವುದು. ಒಂದೇ ಸ್ವರವನ್ನು ಗುಬ್ಬಿ ರೆಕ್ಕೆ ಬಡಿದಂತೆ ಪಟಪಟ ಪುನಃ ಪುನಃ ಹೊಡೆಯುವುದು ಅದರ ಚಾಳಿ. ಪಿಯಾನೋದಲ್ಲೂ ತಂತಿಯ ಮೇಲೆ ಬೀಳುವುದು ಸುತ್ತಿಗೆಯೇ, ಆದರೆ ನಡುವೆ ಬೆರಳಲ್ಲಿ ಒತ್ತುವ ಕಟ್ಟೆ, ಸನ್ನೆ, ಕೀಲು ಎಲ್ಲ ಇವೆ. ಒಂದೇ ಕಟ್ಟೆಯನ್ನು ಆ ವೇಗದಲ್ಲಿ ಬಡಿಯಬೇಕಾದರೆ ಬೆರಳು ಬದಲಿಸಿ ಬದಲಿಸಿ ಹೊಡೆಯಬೇಕು. ಫ್ರಿಶ್ಕದಲ್ಲಿ ಪಿಯಾನೋ ವಾದಕರ ಮುಂಗೈ ನೋಯುವುದು ಇದಕ್ಕೇ. ಹತ್ತು ಬೆರಳಲ್ಲಿ ಒಂದಿಡೀ ಮೇಳವನ್ನು, ಪಿಟೀಲು ಚಿಂಬಲೋಮ್ ಎರಡನ್ನೂ ಸೇರಿಸಿ, ತೋರಿಸುವ ಹಟ ಅದು. ಕೊನೆಗೆ ಬರುವಾಗ ಲಿಸ್ಟ್ ಒಂದು ಕಡೆ ಬರೆಯುವುದನ್ನೇ ನಿಲ್ಲಿಸಿ, ಇಲ್ಲಿ ವಾದಕ ತನಗೆ ತೋಚಿದ್ದು ನುಡಿಸಲಿ ಅಂತ ಜಾಗ ಬಿಟ್ಟಿದ್ದಾನೆ. ಅದಕ್ಕೆ ಕೆಡೆನ್ಜಾ ಅನ್ನುತ್ತಾರೆ. ರಷ್ಯನ್ ಪಿಯಾನೋ ವಾದಕ ರಾಖ್ಮಾನಿನೋಫ್ ತನ್ನದೇ ಕೆಡೆನ್ಜಾ ಕಟ್ಟಿ 1919ರಲ್ಲಿ ಧ್ವನಿಮುದ್ರಣ ಕೊಟ್ಟ. ಇದನ್ನು ಹೇಳಿದಾಗ ಮೇಷ್ಟ್ರಿಗೆ ಹಿಡಿಸಿತು. ‘ಹಂಗಾದ್ರೆ ಅವರಲ್ಲೂ ಮನೋಧರ್ಮ ಅದೆ ಅನ್ನು. ಕಾಗದ ನೋಡ್ಕೊಂಡೇ ನುಡಿಸೋರು ಅಂದ್ಕೊಂಡಿದ್ದೆ.’ ಎರಡನೆಯ ರಾಪ್ಸೋಡಿಯ ಲಶ್ಶಾನ್ ಇರುವುದು ಸಿ ಶಾರ್ಪಿನಲ್ಲಿ, ಅಂದರೆ ನಮ್ಮವರು ಕಪ್ಪು ಒಂದು ಅನ್ನುವ ಶ್ರುತಿಯಲ್ಲಿ. ಅದು ಮೇಷ್ಟ್ರು ಹಾಡುವ ಶ್ರುತಿಯೇ. ಬೆಕ್ಕಿನ ಮೇಲೆ ಅವರಿಗೆ ಇನ್ನಷ್ಟು ಅಭಿಮಾನ ಬಂತು.

ಲಿಸ್ಟ್‌ನ ಪ್ರೀತಿ ಎಂಥದು ಅಂತ ತಿಳಿಯಲು ಯೋಶಿ ಎಂಬ ಹುಡುಗನ ಪ್ರಸಂಗ ಸಾಕು. ರೋಮಾ ಸಂಗೀತದ ಬಗ್ಗೆ ಲಿಸ್ಟ್‌ನ ಹುಚ್ಚು ನೋಡಿ ಸ್ನೇಹಿತ ಕೌಂಟ್ ಶಾಂಡೋರ್ ಟೆಲೆಕಿ ಒಬ್ಬ ರೋಮಾ ಹುಡುಗನನ್ನೇ ಪ್ಯಾರಿಸ್ಸಿಗೆ ತಂದು ಉಡುಗೊರೆಯಾಗಿ ಕೊಟ್ಟ. ಉಡುಗೊರೆ, ಕರುವೊಂದನ್ನು ಹಗ್ಗ ಹಿಡಿದು ತಂದುಕೊಟ್ಟಂತೆ! ಪಿಟೀಲು ಚೆನ್ನಾಗಿ ನುಡಿಸುತ್ತಿದ್ದ ಹುಡುಗನನ್ನು ಲಿಸ್ಟ್ ದೊಡ್ಡ ಗುರುಗಳ ಹತ್ತಿರ ಪಾಠಕ್ಕೆ ಹಾಕಿದ. ಹುಡುಗ ಒಳ್ಳೆಯ ಬಟ್ಟೆ ಹಾಕಿಕೊಂಡು ಕನ್ನಡಿ ನೋಡುವುದನ್ನು ಕಲಿತ, ಪುಸ್ತಕದ ಸ್ವರ ಕಲಿಯಲಿಲ್ಲ. ಕೊನೆಗೆ ಲಿಸ್ಟ್ ಸೋತು ಅವನನ್ನು ಅವನ ಜನರ ಬಳಿಗೇ ಬಿಟ್ಟ. ಈ ಕತೆಯನ್ನು ಲಿಸ್ಟ್ ತಾನೇ ನೋವಿನಿಂದ ಬರೆದಿದ್ದಾನೆ, ಆದರೆ ಹುಡುಗನಿಗೆ ಏನನ್ನಿಸಿತು ಅಂತ ಕೇಳಿದ ಹಾಗೆ ಕಾಣುವುದಿಲ್ಲ. ಮೇಷ್ಟ್ರ ತೀರ್ಪು ಬೇರೆ: ‘ಗುರುವಿನ ತಪ್ಪು. ಅವನಿಗೆ ಆಗ್ಲೇ ಬರೋದನ್ನ ಬಿಟ್ಟು ಬರ್ದೇ ಇರೋದನ್ನ ಹೇಳ್ಕೊಡಕೆ ಹೋದ.’

1859ರಲ್ಲಿ ಲಿಸ್ಟ್ ಪ್ಯಾರಿಸ್ಸಿನಲ್ಲಿ ಒಂದು ಪುಸ್ತಕ ಹೊರತಂದ. ಹಂಗೇರಿಯ ಸಂಗೀತ ಅಂತ ಲೋಕ ಕರೆಯುವುದೆಲ್ಲ ರೋಮಾಗಳ ಸೃಷ್ಟಿ, ಹಂಗೇರಿಯವರು ಅದಕ್ಕೆ ಜಗಲಿ ಕೊಟ್ಟವರು ಮಾತ್ರ ಅನ್ನುವುದು ಅದರ ವಾದ. ಕತ್ತಿ ಕೊಟ್ಟ ನಾಡು ಕೆಂಡವಾಯಿತು. ನಿಜ ಹೇಳಬೇಕೆಂದರೆ ಎರಡು ಕಡೆಯವರೂ ಎಡವಿದ್ದರು. ಮೇಳಗಳು ನುಡಿಸುತ್ತಿದ್ದ ಮಟ್ಟುಗಳಲ್ಲಿ ಎಷ್ಟೋ ಮಟ್ಟು ಹಂಗೇರಿಯ ಪಟ್ಟಣಗಳ ಹವ್ಯಾಸಿಗಳು, ಜಮೀನುದಾರರ ಮನೆಯ ರಸಿಕರು ಕಟ್ಟಿದ್ದು. ರೋಮಾಗಳು ಅವಕ್ಕೆ ಉಸಿರು ತುಂಬಿದ್ದರು, ಗಮಕ ಕೊಟ್ಟಿದ್ದರು, ಕುಣಿಸಿದ್ದರು. ಜರ್ಮನ್ ಸಂಗೀತಗಾರ ಬ್ರಾಮ್ಸ್ ಕೂಡ ಇದೇ ಹಳ್ಳಕ್ಕೆ ಬಿದ್ದ. ಅವನ ಐದನೆಯ ಹಂಗೇರಿಯನ್ ಡ್ಯಾನ್ಸ್ ಲೋಕಪ್ರಸಿದ್ಧ. ಜನಪದದ ಮಟ್ಟೆಂದು ಅವನು ಎತ್ತಿಕೊಂಡದ್ದು ಬೇಲಾ ಕೇಲರ್ ಎಂಬ, ಇನ್ನೂ ಬದುಕಿದ್ದ ಸಂಗೀತಗಾರ ಬರೆದ ಚಾರ್ದಾಶ್ ಕುಣಿತದ ಮಟ್ಟು.

ನಗುವುದು ಬೇಡ. ನಮ್ಮೂರ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ‘ಈಗ ಒಂದು ಜಾನಪದ ಗೀತೆ’ ಅಂತ ಶುರುಮಾಡಿದರೆ ಅದರಲ್ಲಿ ಅರ್ಧಕ್ಕರ್ಧ ಯಾರೋ ಕವಿ ಬರೆದು ಇನ್ಯಾರೋ ಕ್ಯಾಸೆಟ್ಟಿಗೆ ರಾಗ ಹಾಕಿದ್ದು. ಕೀಬೋರ್ಡಿನವನು ತಮಟೆಯ ಸದ್ದು ಒತ್ತಿದರೆ ಜಾನಪದ ಆಗಿಹೋಯಿತು.

ಹಾಗಾದರೆ ಹೊಲದ ಹಾಡು, ತೊಟ್ಟಿಲ ಹಾಡು ಎಲ್ಲಿತ್ತು? ಪಕ್ಕದ ಕೋಣೆಯಲ್ಲಿತ್ತು.

1904ರ ಬೇಸಿಗೆ. ಹಂಗೇರಿಯ ಸಂಗೀತಗಾರ ಬೇಲಾ ಬಾರ್ಟೋಕ್‌ಗೆ 23 ವರ್ಷ. ಈಗ ಸ್ಲೊವಾಕಿಯಾದಲ್ಲಿರುವ ಗೆರ್ಲಿತ್ಸೆಪುಸ್ತ ಎಂಬ ಕೊಂಪೆಯಲ್ಲಿ ತಿಂಗಳುಗಟ್ಟಲೆ ಕೂತು ಅಭ್ಯಾಸ ಮಾಡುತ್ತಿದ್ದ, ಬರೆಯುತ್ತಿದ್ದ. ಆ ವರ್ಷ ಅವನು ಬರೆದದ್ದು ಏನು ಗೊತ್ತೇ? ಪಿಯಾನೋಗೆ ಒಂದು ರಾಪ್ಸೋಡಿ. ಲಿಸ್ಟ್‌ನ ದಾರಿಯಲ್ಲೇ, ನಿಧಾನ ಮೊದಲು ಓಟ ಆಮೇಲೆ. ಹಂಗೇರಿಯ ಸಂಗೀತ ಅಂದರೆ ಅದೇ ಅಂತ ಅವನೂ ನಂಬಿದ್ದ ಕಾಲ. ಅವನು ಉಳಿದುಕೊಂಡಿದ್ದ ಮನೆಯಲ್ಲೇ ಇದ್ದ ಇನ್ನೊಂದು ಕುಟುಂಬ ಮಗುವನ್ನು ನೋಡಿಕೊಳ್ಳಲು ಲಿಡಿ ಡೋಶಾ ಎಂಬ ಹುಡುಗಿಯನ್ನು ಕರೆತಂದಿತ್ತು. ಟ್ರಾನ್ಸಿಲ್ವೇನಿಯಾದ ಕಿಬೇಡ್ ಎಂಬ ಹಳ್ಳಿಯವಳು, ಹದಿನೆಂಟರ ವಯಸ್ಸು. ಅವಳು ಮಗುವಿಗೆ ಹಾಡಿದ ಕೆಂಪು ಸೇಬಿನ ಹಾಡೊಂದು ಗೋಡೆ ದಾಟಿ ಬಾರ್ಟೋಕ್‌ನ ಕಿವಿಗೆ ಬಿತ್ತು. ಕೇಳಿ ಕಲಿತ ಯಾವ ‘ಹಂಗೇರಿಯನ್’ ಮಟ್ಟಿನ ಹಾಗೂ ಅದು ಇರಲಿಲ್ಲ. ಹೋಗಿ ಮತ್ತೆ ಹಾಡಿಸಿದ, ಸ್ವರ ಹಾಕಿ ಬರೆದುಕೊಂಡ, ಇನ್ನೂ ಇದ್ದರೆ ಹೇಳು ಅಂದ. ಆ ವರ್ಷದ ಕೊನೆಗೆ ತಂಗಿಗೆ ಬರೆದ ಕಾಗದದಲ್ಲಿ, ಹಳ್ಳಿಯ ಒಳ್ಳೊಳ್ಳೆಯ ಹಾಡು ಕೂಡಿಸಿ ಅವಕ್ಕೆ ಪಿಯಾನೋ ಕಟ್ಟುವ ಯೋಚನೆ ಇದೆ ಅಂದ.

1905ರಲ್ಲಿ ಇನ್ನೊಬ್ಬ ಸಂಗೀತಗಾರ ಜೋಲ್ಟಾನ್ ಕೊಡಾಯ್ ಜೊತೆಯಾದ. ಎಡಿಸನ್ನನ ಫೋನೋಗ್ರಾಫು, ಮೇಣದ ಉರುಳೆಗಳು, ಎತ್ತಿನ ಗಾಡಿ. 1906ರಲ್ಲಿ ಇಬ್ಬರೂ ಸೇರಿ ಇಪ್ಪತ್ತು ಹಾಡಿನ ಪುಸ್ತಕ ತಂದರು. ಅಚ್ಚಾದ ಪ್ರತಿಗಳು ಖರ್ಚಾಗಲು ದಶಕಗಳು ಹಿಡಿದವು. ಈ ವಿಷಯದಲ್ಲಿ ಕನ್ನಡ ಪ್ರಕಾಶಕರಿಗೆ ಸಮಾಧಾನವಾದೀತು. 1907ರ ಬೇಸಿಗೆಯಲ್ಲಿ ಟ್ರಾನ್ಸಿಲ್ವೇನಿಯಾದ ಗುಡ್ಡಗಾಡಿನಲ್ಲಿ ಅಲೆಯುತ್ತ ಬಾರ್ಟೋಕ್ ಗೆಳತಿಗೆ ಬರೆದ ಒಂದು ಕಾಗದ ನಾಟಕದ ದೃಶ್ಯದ ಹಾಗಿದೆ. ಇವನು ಹಳೆಯ ಹಾಡು ಬೇಕಮ್ಮ ಅನ್ನುತ್ತಾನೆ, ಹಳ್ಳಿಯ ಹೆಂಗಸು ಪೇಟೆಯ ಹಾಡು ಹಾಡುತ್ತಾಳೆ. ಅದಲ್ಲ ಅಂದರೆ ಚರ್ಚಿನ ಹಾಡು. ಇನ್ನೂ ಹಳೆಯದು ಅಂದರೆ ನೆರೆಮನೆಯವಳ ಮೇಲೆ ಹಾಕುತ್ತಾಳೆ. ನಮ್ಮ ಕಡೆ ಸೋಬಾನೆ ಹಾಡುವ ಹೆಂಗಸರ ಮುಂದೆ ರೆಕಾರ್ಡರ್ ಹಿಡಿದವರೆಲ್ಲ ಈ ದೃಶ್ಯದಲ್ಲಿ ಪಾತ್ರ ಮಾಡಿದವರೇ. ‘ಅಯ್ಯೋ, ನಂಗೇನ್ ಬತ್ತದೆ? ಆವಮ್ಮನ್ ಕೇಳಿ.’ ಆವಮ್ಮನನ್ನು ಕೇಳಿದರೆ ಇವಳನ್ನು ತೋರಿಸುತ್ತಾಳೆ.

ಆ ಗುಡ್ಡಗಾಡಿನಲ್ಲಿ ಬಾರ್ಟೋಕ್‌ಗೆ ಸಿಕ್ಕ ಹಳೆಯ ಹಾಡುಗಳಲ್ಲಿ ಐದೇ ಸ್ವರ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ಬರೆದುಕೊಟ್ಟಾಗ ಮೇಷ್ಟ್ರು ಕಣ್ಣು ಮುಚ್ಚಿ ಒಂದು ಸಲ ಗುನುಗಿ ‘ಶುದ್ಧಧನ್ಯಾಸಿ’ ಅಂದರು. ರಾಗಿ ಬೀಸುವಾಗ ಬರುವ ಧಾಟಿಗಳಲ್ಲೂ ಇದರ ಎಳೆ ಇದೆ ಅನ್ನುವುದು ಅವರ ಮಾತು. ಇರಬಹುದು.

ಅದೇ 1904ರ ಜುಲೈ 4ರಂದು, ಲಿಡಿ ಡೋಶಾ ಮಗುವನ್ನು ತಟ್ಟಿ ಮಲಗಿಸುತ್ತಿದ್ದ ಆ ದಿನಗಳಲ್ಲೇ, ಹೇಮಾವತಿಯ ದಡದ ಗೊರೂರಿನಲ್ಲಿ ಒಂದು ಮಗು ಹುಟ್ಟಿತು. ರಾಮಸ್ವಾಮಿ ಅಯ್ಯಂಗಾರ್ ಅಂತ ಹೆಸರಿಟ್ಟರು. ಆತ ಬೆಳೆದು ‘ಹಳ್ಳಿಯ ಚಿತ್ರಗಳು’ ಬರೆದದ್ದು ಎಲ್ಲರಿಗೂ ಗೊತ್ತು. 1930ರ ದಶಕದಲ್ಲಿ ‘ಹಳ್ಳಿಯ ಹಾಡುಗಳು’ ಎಂದು ನಮ್ಮ ಜಿಲ್ಲೆಯ ಹೆಂಗಸರ ಬಾಯಲ್ಲಿದ್ದದ್ದನ್ನು ಕೂಡಿಸಿದ್ದನ್ನು ಈಗ ಓದುವವರು ಕಡಿಮೆ. ಸಕಲೇಶಪುರದ ಎಸ್. ಕೆ. ಕರೀಂಖಾನರು ಜೋಳಿಗೆ ಹಾಕಿಕೊಂಡು ಊರೂರು ಸುತ್ತಿ ಜಾನಪದ ಜಂಗಮ ಅನ್ನಿಸಿಕೊಂಡರು. ಹಾಸನ ಜಿಲ್ಲೆಗೆ ಈ ವಿಷಯದಲ್ಲಿ ಯಾರಿಂದಲೂ ಕಲಿಯಬೇಕಾದ್ದಿಲ್ಲ. ಒಂದು ಕೊರಗು ಮಾತ್ರ ಇದೆ: ನಮ್ಮ ಬಹುಪಾಲು ಸಂಗ್ರಹಗಳಲ್ಲಿ ಪದ ಉಳಿಯಿತು, ಧಾಟಿ ಉಳಿಯಲಿಲ್ಲ. ಬಾರ್ಟೋಕ್ ಧಾಟಿಗೆ ಬಿದ್ದು ಪದ ಬರೆದುಕೊಂಡ. ನಾವು ಪದಕ್ಕೆ ಮಾರುಹೋಗಿ, ಧಾಟಿ ಹೇಗಿದ್ದರೂ ಅವ್ವನ ಬಾಯಲ್ಲಿದೆಯಲ್ಲ ಅಂದುಕೊಂಡೆವು. ಅವ್ವ ಹೋದಳು.

ಈಗ ಮೇಷ್ಟ್ರ ‘ಎಲ್ಲೋ’ಗೆ ಬರುತ್ತೇನೆ.

ಎರಡನೆಯ ರಾಪ್ಸೋಡಿಯಲ್ಲಿ ಎಷ್ಟು ಹುಡುಕಿದರೂ ನನಗೆ ಅದು ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಹದಿಮೂರನೆಯದರಲ್ಲಿ. ಲಿಸ್ಟ್ ಒಟ್ಟು 19 ರಾಪ್ಸೋಡಿ ಬರೆದ. ಮೊದಲ 15 ಅಚ್ಚಾದದ್ದು 1851ರಿಂದ 1853ರೊಳಗೆ. ಹದಿಮೂರನೆಯದನ್ನು ಬೆಕ್ಕು ನುಡಿಸದ ಕಾರಣ ಅದಕ್ಕೆ ಅಷ್ಟು ಹೆಸರಿಲ್ಲ. ಅದನ್ನು ಮೊಬೈಲಿಗೆ ಇಳಿಸಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಮೊದಲ ಅರ್ಧ ನಿಮಿಷಕ್ಕೇ ‘ನಿಲ್ಸು’ ಅಂದು, ಮೂಲೆಯಲ್ಲಿ ಟವೆಲು ಹೊದ್ದು ಕೂತಿದ್ದ ಹಾರ್ಮೋನಿಯಂ ಎಳೆದುಕೊಂಡರು. ಒಂದು ಕಟ್ಟೆಯ ದಂತ ಹೋಗಿ ಕೆಳಗಿನ ಮರ ಕಾಣುತ್ತಿತ್ತು. ಎಡಗೈಯಲ್ಲಿ ಗಾಳಿ ಹಾಕುತ್ತ ಬಿಳಿ ಆರು ಒತ್ತಿ, ಅದೇ ಷಡ್ಜ ಅಂತ ಹಿಡಿದು, ಒಂದೊಂದೇ ಮನೆ ತಡಕಿದರು. ಬಿಳಿ, ಬಿಳಿ, ಬಿಳಿ. ನಾಲ್ಕನೆಯದು ಬಿಳಿಯಲ್ಲ, ಅದನ್ನು ಬಿಟ್ಟು ಮೇಲಿನ ಕಪ್ಪು. ಮತ್ತೆ ಎರಡು ಬಿಳಿ. ಕೊನೆಗೆ ಇನ್ನೊಂದು ಕಪ್ಪು.

‘ಸರಿಗಮಪದನಿ. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಶುದ್ಧ ಧೈವತ, ಕಾಕಲಿ ನಿಷಾದ.’ ಒಂದು ಉಸಿರು ಬಿಟ್ಟು, ‘ಸಿಂಹೇಂದ್ರಮಧ್ಯಮ ಕಣೋ ಇದು!’ ಅಂದರು.

ಪಾಶ್ಚಾತ್ಯರು ಇದನ್ನು ಹಂಗೇರಿಯನ್ ಮೈನರ್ ಅಥವಾ ಜಿಪ್ಸಿ ಸ್ಕೇಲ್ ಅನ್ನುತ್ತಾರೆ. ಗಾಂಧಾರದಿಂದ ಮಧ್ಯಮಕ್ಕೆ ಒಂದು ಉದ್ದ ಹೆಜ್ಜೆ, ಧೈವತದಿಂದ ನಿಷಾದಕ್ಕೆ ಇನ್ನೊಂದು. ಆ ಎರಡು ಅಗಲ ಹೆಜ್ಜೆಗಳಲ್ಲೇ ಅದರ ಕರುಳು ಇರುವುದು. ಲಿಸ್ಟ್‌ನ ಬಿ ಮೈನರ್ ಸೊನಾಟಾದ ಬಾಗಿಲಲ್ಲೂ ಇದೇ ಸ್ವರಗಳು ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು ಬರುತ್ತವೆ. ನಮ್ಮವರು ಕೇಳಿದರೆ ಅವರೋಹಣ ಅನ್ನದೆ ಬಿಡರು.

ಮೇಷ್ಟ್ರು ಅಷ್ಟಕ್ಕೆ ನಿಲ್ಲಲಿಲ್ಲ. ಕಟ್ಟೆಗಳನ್ನು ಬದಲಿಸದೆ, ಅವೇ ಐದು ಬಿಳಿ, ಅವೇ ಎರಡು ಕಪ್ಪು, ಷಡ್ಜವನ್ನು ಮಾತ್ರ ಬಿಳಿ ಆರರಿಂದ ಕೆಳಗೆ ಬಿಳಿ ಮೂರಕ್ಕೆ ಇಳಿಸಿದರು. ಪಂಚಮದ ಮನೆಯಿಂದ ಹೊರಟು ಮೇಲಕ್ಕೆ ನಡೆದರು. ನನಗೂ ಕೇಳಿಸಿತು. ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದ್ದು, ಅಕ್ಕ ಸರಳೆ ವರಸೆಯಲ್ಲಿ ದಿನವೂ ಏರಿ ಇಳಿದ ಮೆಟ್ಟಿಲು: ಮಾಯಾಮಾಳವಗೌಳ. ಪುರಂದರದಾಸರು ಮಕ್ಕಳ ಮೊದಲ ಪಾಠಕ್ಕೆ ಹಾಕಿಕೊಟ್ಟದ್ದು ಅಂತ ನಂಬಿಕೆಯಿರುವ ರಾಗ. ಗ್ರಹಭೇದ ಅಂತ ಶಾಸ್ತ್ರದಲ್ಲಿ ಇದಕ್ಕೆ ಹೆಸರು. ಮಾಯಾಮಾಳವಗೌಳದ ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಸಿಂಹೇಂದ್ರಮಧ್ಯಮ ಹುಟ್ಟುತ್ತದೆ ಅಂತ ಯಾವ ವಿದ್ವಾಂಸರಾದರೂ ಹೇಳುತ್ತಾರೆ. ಪುಸ್ತಕದಲ್ಲಿ ಓದುವುದು ಬೇರೆ. ದಂತ ಹೋದ ಹಾರ್ಮೋನಿಯಮ್ಮಿನ ಮೇಲೆ, ಬೆರಳು ಒಂದು ಮನೆಯಿಂದ ಇನ್ನೊಂದಕ್ಕೆ ಸರಿದಷ್ಟಕ್ಕೇ ಬುಡಾಪೆಸ್ಟ್ ಹೋಗಿ ನಮ್ಮ ನಡುಮನೆ ಬಂದದ್ದು ಬೇರೆ. ಮೇಷ್ಟ್ರಿಗೆ ಅವತ್ತು ‘ಎಲ್ಲೋ ಕೇಳ್ದಂಗದೆ’ ಅನ್ನಿಸಿದ್ದು ಬೆಕ್ಕಿನ ಸಂಗೀತದಿಂದಲೋ, ಎದುರಿಗೆ ಕೂತಿದ್ದ ಅಕ್ಕನ ಸ್ವರ ಅದರ ಜೊತೆ ಬೆರೆತದ್ದರಿಂದಲೋ, ಈಗ ಯಾರು ಹೇಳಬೇಕು.

ಸಿಂಹೇಂದ್ರಮಧ್ಯಮ ನಮ್ಮ ಮೂಲರಾಗಗಳ, ಅಂದರೆ ಮೇಳಗಳ, ಪಟ್ಟಿಯಲ್ಲಿ 57ನೆಯದು. ಮುತ್ತುಸ್ವಾಮಿ ದೀಕ್ಷಿತರ ಸಂಪ್ರದಾಯದಲ್ಲಿ ಅದರ ಹೆಸರು ಸುಮದ್ಯುತಿ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಸು ಅಂದರೆ 7, ಮ ಅಂದರೆ 5, ತಿರುಗಿಸಿದರೆ 57. ಮೇಷ್ಟ್ರಿಗೆ ನೆನಪಿಡಲು ಇದೆಲ್ಲ ಬೇಕಾಗಿರಲಿಲ್ಲ. ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಕೆಲವರ ಪ್ರಕಾರ 57 ಅಡಿ, ಕೆಲವರ ಪ್ರಕಾರ 58. ‘ಐವತ್ತೇಳಾದ್ರೆ ಸಿಂಹೇಂದ್ರ, ಐವತ್ತೆಂಟಾದ್ರೆ ಹೇಮಾವತಿ, ಯಾವ್ದಾದ್ರೂ ನಮ್ದೇ’ ಅನ್ನುತ್ತಿದ್ದರು. 58ನೆಯ ಮೇಳದ ಹೆಸರು ನಿಜಕ್ಕೂ ಹೇಮಾವತಿ. ಗೊರೂರು, ಹೊಳೆನರಸೀಪುರ ಹಾದು ಹೋಗುವ ನಮ್ಮ ಹೊಳೆಯದ್ದೇ ಹೆಸರು. 57ಕ್ಕೂ ಅದಕ್ಕೂ ವ್ಯತ್ಯಾಸ ಧೈವತ, ನಿಷಾದ ಎರಡೇ.

ಈ ಮೇಳಗಳು ಸಿಕ್ಕ ಬಗೆಯೂ ಸೋಜಿಗವೇ. 17ನೆಯ ಶತಮಾನದಲ್ಲಿ ತಂಜಾವೂರಿನ ನಾಯಕರ ಆಸ್ಥಾನದಲ್ಲಿ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ ಬರೆದ. ಅವನ ಅಪ್ಪ ಗೋವಿಂದ ದೀಕ್ಷಿತ, ಹೊಯ್ಸಳ ಕರ್ನಾಟಕ ಮನೆತನ, ಅಂದರೆ ಮೂಲ ನಮ್ಮ ಕಡೆಯದೇ. ವೆಂಕಟಮಖಿ ಹಾಡು ಹುಡುಕಿಕೊಂಡು ಊರು ಸುತ್ತಲಿಲ್ಲ. ಕೂತಲ್ಲೇ ಸ್ವರಗಳನ್ನು ಹೆಣೆದು ಲೆಕ್ಕ ಹಾಕಿ, 72 ಮೇಳ ಸಾಧ್ಯ ಅಂದ. ಅವನ ಕಾಲಕ್ಕೆ ಬಳಕೆಯಲ್ಲಿದ್ದವು 19 ಅಂತ ತಾನೇ ಹೇಳಿದ. ಆ 19ರಲ್ಲಿ ಐವತ್ತೇಳನೆಯದು ಇಲ್ಲ. ಛತ್ರಕ್ಕೆ 72 ಕೋಣೆ ಕಟ್ಟಿ ನಂಬರು ಬರೆದಿಟ್ಟ ಹಾಗೆ. ಐವತ್ತೇಳನೆಯ ಕೋಣೆಗೆ ಇನ್ನೂ ಯಾರೂ ಬಂದಿರಲಿಲ್ಲ. ಹಂಗೇರಿಯಲ್ಲಿ ಅದೇ ಮೆಟ್ಟಿಲು ಅಕ್ಷರ ಬಾರದ ಪಿಟೀಲುಗಾರರ ಬೆರಳಿಗೆ, ಸೈನಿಕರ ಕುಣಿತದ ನಡುವೆ ಸಿಕ್ಕಿತು. ನಮ್ಮಲ್ಲಿ ಗಣಿತಕ್ಕೆ ಮೊದಲು ಸಿಕ್ಕಿ ಆಮೇಲೆ ಗಂಟಲಿಗೆ ಬಂತು.

ಗಂಟಲಿಗೆ ಬಂದದ್ದಂತೂ ಸೊಗಸಾಗಿ. ಮೈಸೂರು ವಾಸುದೇವಾಚಾರ್ಯರ ‘ನಿನ್ನೇ ನಮ್ಮಿತಿ’ ಕೇಳದ ಕರ್ನಾಟಕ ಸಂಗೀತದ ಕಿವಿ ಇಲ್ಲ. ಈ ಆಚಾರ್ಯರ ಶಿಷ್ಯರಲ್ಲಿ ಜಯಚಾಮರಾಜ ಒಡೆಯರೂ ಒಬ್ಬರು. ಆದರೆ ಮಹಾರಾಜರ ಮೊದಲ ಪ್ರೀತಿ ಪಿಯಾನೋ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಿಂದ ಲೈಸೆನ್ಷಿಯೇಟ್ ಪಡೆದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು; ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಇವರಿಗೆ ಅರ್ಪಿಸಿದ. ಆಚಾರ್ಯರ ಮುಂದೆ ಕೂತು ಕಲಿತು, 94 ಕೃತಿಗಳನ್ನೂ ರಚಿಸಿದರು. ಒಂದು ಕೋಣೆಯಲ್ಲಿ ಪಿಯಾನೋ, ಇನ್ನೊಂದರಲ್ಲಿ ವಾಸುದೇವಾಚಾರ್ಯರು. ಮೈಸೂರು ಅರಮನೆಯ ಗೋಡೆಗಳು ನಮ್ಮ ಮನೆಯದಕ್ಕಿಂತ ದಪ್ಪ ಇರಬೇಕು, ಆದರೂ ಸ್ವರ ದಾಟದಷ್ಟು ದಪ್ಪವಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಒಂದು ಆಸೆ ಹುಟ್ಟಿದ್ದು ಸುಳ್ಳಲ್ಲ. ರೋಮಾಗಳು ಇಲ್ಲಿಂದಲೇ ಹೋದವರಲ್ಲವೇ? ಸಿಂಹೇಂದ್ರಮಧ್ಯಮವನ್ನು ಗಂಟು ಕಟ್ಟಿಕೊಂಡು ಹೋಗಿರಬಾರದೇಕೆ? ರೋಮಾಗಳ ಮೂಲ ಗೊತ್ತಾದ ಕತೆಯಲ್ಲೂ ಒಬ್ಬ ಹಂಗೇರಿಯವನೇ ಇದ್ದಾನೆ. ವಾಯಿ ಇಶ್ತ್ವಾನ್ ಎಂಬ ಪಾದ್ರಿ ಹಾಲೆಂಡಿನ ಲೈಡನ್ನಿನಲ್ಲಿ ಓದುವಾಗ ಮಲಬಾರಿನ ಮೂವರು ವಿದ್ಯಾರ್ಥಿಗಳ ಮಾತು ಕೇಳಿ, ಸಾವಿರದಷ್ಟು ಪದ ಬರೆದುಕೊಂಡು, ಊರಿಗೆ ಬಂದು ರೋಮಾಗಳ ಮುಂದೆ ಓದಿದನಂತೆ. ಅವರಿಗೆ ಅರ್ಥವಾಯಿತಂತೆ. 1776ರಲ್ಲಿ ವಿಯೆನ್ನಾದ ಪತ್ರಿಕೆಯೊಂದರಲ್ಲಿ ಈ ಕತೆ ಬಂತು. ಮಲಬಾರು! ನಮ್ಮಿಂದ ಘಟ್ಟ ಇಳಿದರೆ ಸಿಗುವ ಸೀಮೆ. ಆದರೆ ಕತೆ ಹಾಗೇ ನಿಲ್ಲುವುದಿಲ್ಲ. ರೋಮಾನಿ ದ್ರಾವಿಡ ಭಾಷೆಯಲ್ಲ, ಹಿಂದಿ ಗುಜರಾತಿಗಳ ಬಳಗದ್ದು. ಆಗ ಡಚ್ಚರ ಕೈಯಲ್ಲಿದ್ದ ಸಿಂಹಳದಿಂದ ಬಂದ ವಿದ್ಯಾರ್ಥಿಗಳಿರಬೇಕು ಅನ್ನುವುದು ನಂತರದವರ ಊಹೆ. ನೀರಿಗೆ ರೋಮಾನಿಯಲ್ಲಿ ಪಾನಿ. ಅರಸೀಕೆರೆ ಕಡೆಯ ತಾಂಡಾದ ಲಂಬಾಣಿ ಅಜ್ಜಿಯೂ ಪಾಣಿ ಅನ್ನುತ್ತಾಳೆ. ನೆಂಟಸ್ತನ ಅಲ್ಲಿದೆ, ಮಾತಿನಲ್ಲಿ.

ರಾಗದಲ್ಲಿ ಇಲ್ಲ. ರೋಮಾಗಳು ಉತ್ತರ ಭಾರತ ಬಿಟ್ಟು ಸಾವಿರ ವರ್ಷದ ಮೇಲಾಯಿತು. ವೆಂಕಟಮಖಿ ಕೋಣೆಗೆ ನಂಬರು ಬರೆದದ್ದು ಅದಾಗಿ ಆರೇಳು ಶತಮಾನಕ್ಕೆ. ಆ ಅಗಲ ಹೆಜ್ಜೆಯ ಮೆಟ್ಟಿಲುಗಳು ತುರ್ಕರ ಕಾಲದಲ್ಲಿ ಹಂಗೇರಿಯ ಸುತ್ತಮುತ್ತ ಎಲ್ಲೆಲ್ಲೂ ಇದ್ದವು. ಇದನ್ನು ಮೇಷ್ಟ್ರಿಗೆ ಹೇಳುವಾಗ ಬೇಜಾರಾದಾರು ಅಂದುಕೊಂಡಿದ್ದೆ. ‘ಏಳು ಸ್ವರದೊಳಗೆ ಎಷ್ಟು ಅಂತ ತಿರುಗ್ತೀಯ? ಎದುರು ಸಿಕ್ಕೇ ಸಿಗ್ತಾರೆ’ ಅಂದುಬಿಟ್ಟರು. ಬಾರ್ಟೋಕ್‌ನೂ ಕೊನೆಗೆ ಹೀಗೇ ಮೆತ್ತಗಾದ. 1936ರಲ್ಲಿ ಹಂಗೇರಿಯ ವಿಜ್ಞಾನ ಅಕಾಡೆಮಿಯಲ್ಲಿ ಮಾಡಿದ ಮೊದಲ ಭಾಷಣಕ್ಕೆ ಅವನು ಆರಿಸಿಕೊಂಡ ವಿಷಯ ಲಿಸ್ಟ್. ಜಿಪ್ಸಿ ಸಂಗೀತವನ್ನೇ ಜನಪದ ಅಂದದ್ದು ಆ ಕಾಲದ ತಪ್ಪು, ಅದೊಂದಕ್ಕಾಗಿ ಲಿಸ್ಟ್‌ನನ್ನು ಹೊರಗೆ ಹಾಕಲಾಗದು ಅನ್ನುವ ಧಾಟಿಯಲ್ಲಿ ವಾದಿಸಿದ.

ಅವತ್ತು ಹಾರ್ಮೋನಿಯಂ ಮುಚ್ಚಿ ಟವೆಲು ಹೊದಿಸಿದ ಮೇಲೆ, ಹದಿಮೂರನೆಯದನ್ನು ಪೂರ್ತಿ ಹಾಕಲೇ ಅಂತ ಕೇಳಿದೆ.

‘ಅದು ಸಾಕು. ಬೆಕ್ಕಿಂದು ಹಾಕು.’

ಹಾಕಿದೆ. ಲಶ್ಶಾನ್ ಮುಗಿಯುವವರೆಗೂ ಸುಮ್ಮನೆ ಕೂತಿದ್ದರು. ಫ್ರಿಶ್ಕ ಶುರುವಾಗುತ್ತಿದ್ದಂತೆ ಬಲಗೈ ತಾನಾಗಿ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು. ಓಟ ಹೆಚ್ಚಾದಂತೆ ಕೈಯೂ ಬಿಡಲಿಲ್ಲ. ಕೊನೆಗೆ ವಾದಕನ ಕೆಡೆನ್ಜಾ ಬಂದು ತಾಳ ತಪ್ಪಿಹೋದಾಗ, ಎತ್ತಿದ ಕೈ ಗಾಳಿಯಲ್ಲೇ ನಿಂತಿತು.